ಹೊಳೆಯಾಚೆಯವರ ಬಾಗಿಲು

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ದೊಡ್ಡಮ್ಮ, ಕೊಟ್ರಮ್ಮ. ಮಾಳಿಗೆಯ ಮೇಲೆ ಸಂಡಿಗೆ ಹರವಿ, ಕಾಗೆ ಓಡಿಸಲು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದಳು. ನಾನಾಗ ಬಿ.ಎ. ಓದುತ್ತಿದ್ದೆ. ಎಲ್ಲದಕ್ಕೂ ಅರ್ಥ ಕೇಳುವ ರೋಗ ಆಗಷ್ಟೇ ಅಂಟಿಕೊಂಡಿತ್ತು.

"ಆ ಊರು ಎಲ್ಲಿದೆ ದೊಡ್ಡಮ್ಮ?" ಅಂದೆ.

"ಎಲ್ಲಿದೆ ಅಂತ ಹೇಳಿಬಿಟ್ರೆ ಆ ಊರಿನೋರು ಜಗಳಕ್ಕೆ ಬರ್ತಾರೆ. ಸುಮ್ನೆ ಕೇಳು."

ಕಥೆಯಲ್ಲಿ ಹೆಸರುಗಳೂ ಇರಲಿಲ್ಲ. ಸೊಸೆ, ಅತ್ತೆ, ಗಂಡ, ಮಗಳು, ಊರ ಹಿರಿಯ, ಅಷ್ಟೇ. ಹೆಸರು ಬೇಕಾದರೆ ನಿನಗೆ ಗೊತ್ತಿರುವವರದ್ದೇ ಇಟ್ಟುಕೋ, ಯಾರದ್ದಿಟ್ಟರೂ ಹೊಂದುತ್ತದೆ, ಅಂದಳು. ನಾನು ಇಟ್ಟುಕೊಂಡೆ. ಆ ಹೆಸರುಗಳನ್ನು ಇಲ್ಲಿ ಬರೆದರೆ ನಮ್ಮ ಮನೆಯಲ್ಲಿ ಹಬ್ಬಕ್ಕೆ ನನ್ನನ್ನು ಕರೆಯುವುದಿಲ್ಲ. ಹಾಗಾಗಿ ಬಿಟ್ಟಿದ್ದೇನೆ.

ಒಂದು ದಿಬ್ಬ. ದಿಬ್ಬದ ಮೇಲೆ ಒಂದು ಊರು. ದಿಬ್ಬದ ಕೆಳಗೆ ಒಂದು ಹೊಳೆ.

ಊರಿನ ಮನೆಗಳೆಲ್ಲ ಕಲ್ಲಿನವು. ಪ್ರತಿ ಮನೆಗೂ ಮರದ ಬಾಗಿಲು. ಅಂಥ ಬಾಗಿಲನ್ನು ನೀವೆಲ್ಲೂ ನೋಡಿರಲಾರಿರಿ. ಒಂದರ ಮೈತುಂಬ ನವಿಲು, ಒಂದರಲ್ಲಿ ಗಿಳಿ, ಒಂದರಲ್ಲಿ ಈಜುವ ಮೀನು, ಒಂದರಲ್ಲಿ ಬುಡದಿಂದ ತುದಿಯವರೆಗೆ ಹಬ್ಬಿದ ಹೂಬಳ್ಳಿ. ಹಗಲೆಲ್ಲ ಈ ಬಾಗಿಲುಗಳು ಬೇರೆ ಊರಿನ ಬಾಗಿಲುಗಳಂತೆಯೇ ಇರುತ್ತಿದ್ದವು. ದೀಪ ಹಚ್ಚುವ ಹೊತ್ತಾಯಿತೋ, ತಾವಾಗಿ ತೆರೆದುಕೊಳ್ಳುತ್ತಿದ್ದವು. ಚಿಲಕ ಹಾಕಿದರೆ ಚಿಲಕ ಜಾರಿತು. ಸರಪಳಿ ಬಿಗಿದರೆ ಸರಪಳಿ ಬಿತ್ತು. ಒರಳುಕಲ್ಲು ಅಡ್ಡ ಇಟ್ಟರೆ ಒರಳುಕಲ್ಲು ನಿದ್ದೆಗಣ್ಣಿನಲ್ಲಿ ಎದ್ದವನ ಹಾಗೆ ಪಕ್ಕಕ್ಕೆ ಸರಿಯಿತು. ಬಾಗಿಲು ಹೊಳೆಯ ಕಡೆಗೆ ಬಾಯಿ ತೆರೆದು ನಿಂತಿತು.

ಅದು ಮುಚ್ಚಿ ನಿಲ್ಲುತ್ತಿದ್ದದ್ದು ಒಂದೇ ಒಂದಕ್ಕೆ. ಜೀವವಿರುವ ಬೆನ್ನಿಗೆ.

ಆದ್ದರಿಂದ ಆ ಊರಿನಲ್ಲಿ ಬೆನ್ನು ಕೊಡುವ ಪದ್ಧತಿ ಇತ್ತು. ದೀಪ ಹಚ್ಚುವ ಹೊತ್ತಿಗೆ ಮನೆಯ ಒಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. ಬೆಳಕು ಹರಿಯುವವರೆಗೆ ಏಳಬಾರದು. ಬಾಗಿಲು ತಳ್ಳುತ್ತಿತ್ತು, ಬೆನ್ನು ತಡೆಯುತ್ತಿತ್ತು, ಬೆಳಗಾಗುತ್ತಿತ್ತು. ಮತ್ತೆ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಮನೆಯ ಯಾರು ಬೇಕಾದರೂ ಕೊಡಬಹುದು ಎಂದು ನಿಯಮವಿತ್ತು. ಕೊಡುತ್ತಿದ್ದವರು ಸೊಸೆಯಂದಿರು. ಗಂಡಸರೂ ಹಬ್ಬಹುಣ್ಣಿಮೆಗೆ ಒಂದು ರಾತ್ರಿ ಕೊಡುತ್ತಿದ್ದರು, ಅದರ ಸುದ್ದಿಯನ್ನು ಮುಂದಿನ ಹುಣ್ಣಿಮೆಯವರೆಗೆ ಹೇಳುತ್ತಿದ್ದರು.

ಹೆಣ್ಣು ನೋಡಲು ಹೋದರೆ ಆ ಊರಿನವರು ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ. "ಸ್ವಲ್ಪ ಗೋಡೆಗೆ ಒರಗಿ ಕೂತ್ಕೋ ಮಗಾ" ಅನ್ನುತ್ತಿದ್ದರು. ಮದುವೆಗೆ ತವರಿನವರು ಬೆಳ್ಳಿ ಕೊಡದಿದ್ದರೂ ನಡೆಯುತ್ತಿತ್ತು, ಹತ್ತಿ ತುಂಬಿದ ಬೆನ್ನುದಿಂಬು ಕೊಡದಿದ್ದರೆ ಮಾತು ಬರುತ್ತಿತ್ತು. ಹೊಗಳುವುದಾದರೆ "ಏನು ಬೆನ್ನು ಅವಳದ್ದು!" ಬೈಯುವುದಾದರೆ ಅದೂ ಬೆನ್ನೇ.

ಬಾಗಿಲು ತೆರೆದೇ ಇದ್ದರೆ ಏನಾಗುತ್ತಿತ್ತು? ಕಳ್ಳರು ಬರುತ್ತಿದ್ದರೇ? ಆ ಊರಿಗೆ ಕಳ್ಳರು ಬಂದದ್ದಿಲ್ಲ. ಅವರಿಗಿದ್ದ ಹೆದರಿಕೆ ಬೇರೆ. ಊರಿಗೊಂದು ಕಟ್ಟಳೆ ಇತ್ತು: ಬಾಗಿಲು ಮುಚ್ಚದ ಮನೆ ಮನೆಯಲ್ಲ, ಮನೆಯಿಲ್ಲದವರು ಊರಿನವರಲ್ಲ.

ಈ ಕಟ್ಟಳೆ ಹುಟ್ಟಿದ್ದು ಹೇಗೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಮುಚ್ಚಿಡುತ್ತಿರಲಿಲ್ಲ, ಅದು ಅವರ ಹೆಚ್ಚುಗಾರಿಕೆ. ಹಿಂದೆ ದಿಬ್ಬದ ಕೆಳಗೂ ಮನೆಗಳಿದ್ದವು. ಅಲ್ಲಿದ್ದವರು ಹೊಳೆದಂಡೆಯವರು. ಈ ಬಾಗಿಲುಗಳನ್ನು ತಲೆತಲಾಂತರದಿಂದ ಕೆತ್ತಿ ನಿಲ್ಲಿಸಿಕೊಂಡವರು ಅವರು. ಒಂದು ಸುಗ್ಗಿಗೆ ಅವರೆಲ್ಲ ದೂರದ ಹೊಲಗಳಿಗೆ ಕುಯ್ಲಿಗೆ ಹೋದಾಗ ದಿಬ್ಬದವರು ಇಳಿದು ಬಂದು ಬಾಗಿಲುಗಳನ್ನು ಕಿತ್ತುಕೊಂಡು ಹೋದರು. ದಿಬ್ಬದವರಿಗೆ ಬಾಗಿಲಿರಲಿಲ್ಲವೇ? ಇತ್ತು, ಹಲಗೆ ಬಡಿದ ಬಾಗಿಲು. ಇವು ಚೆನ್ನಾಗಿದ್ದವು, ಅಷ್ಟೇ. ಕುಯ್ಲು ಮುಗಿಸಿ ಬಂದವರು ದಿಬ್ಬ ಹತ್ತಿ ಕೇಳಿದರು. ಅವತ್ತೇ, ಅವರ ಮುಖ ನೋಡಿಕೊಂಡೇ, ದಿಬ್ಬದವರು ಕಟ್ಟಳೆ ಮಾಡಿದರು. ಬಾಗಿಲು ಮುಚ್ಚದ ಮನೆ ಮನೆಯಲ್ಲ. ಮನೆಯಿಲ್ಲದವರು ಊರಿನವರಲ್ಲ. ಹೊಳೆದಂಡೆಯವರು ಹೊಳೆ ದಾಟಿದರು. ಆಚೆ ದಡದಲ್ಲಿ ಬರೀ ಜೊಂಡು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ದಿಬ್ಬದ ಬಾಗಿಲುಗಳೆಲ್ಲ ತೆರೆದುಕೊಂಡವು. ಮೊದಲ ಬೆನ್ನು ಅವತ್ತೇ ಕೊಟ್ಟದ್ದು.

ದಿಬ್ಬದವರು ಕಟುಕರೇನಲ್ಲ. ವರ್ಷಕ್ಕೊಮ್ಮೆ ಅವರಲ್ಲಿ ತಪ್ಪಿನ ಹಬ್ಬ. ಅಂದು ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಇಟ್ಟು, ಬಾಗಿಲಿಗೆ ಹಾರ ಹಾಕಿ, ಮನೆಮಂದಿಯೆಲ್ಲ ಕೈಮುಗಿದು ನಿಲ್ಲುತ್ತಿದ್ದರು. ತಪ್ಪು ಹಾಡುವವನೊಬ್ಬನಿದ್ದ. ಅವನು ಮನೆಮನೆಗೂ ಬಂದು ಕಣ್ಣು ಮುಚ್ಚಿ ಹಾಡುತ್ತಿದ್ದ:

"ಹೊಳೆಯಾಚೆಯವರ ಬಾಗಿಲೇ, ನಮ್ಮ ಹಿರಿಯರು ನಿನ್ನ ಕಿತ್ತು ತಂದರು, ತಪ್ಪಾಯಿತು. ನಿನ್ನ ಮನೆಯವರು ನೀರು ದಾಟಿ ಹೋದರು, ತಪ್ಪಾಯಿತು. ನೀನು ದಿನವೂ ಅತ್ತಲೇ ನೋಡುತ್ತೀ, ತಪ್ಪಾಯಿತು."

ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತು. ನೀರು ಒರೆಸಿಕೊಂಡು ಹೋಳಿಗೆಗೆ ಕೂರುತ್ತಿದ್ದರು. ಇಷ್ಟು ಚೆನ್ನಾಗಿ ತಪ್ಪೊಪ್ಪಿಕೊಳ್ಳುವ ಊರು ಸುತ್ತಮುತ್ತ ಇನ್ನೊಂದಿಲ್ಲ ಎಂದು ಅವರಿಗೆ ಒಳಗೊಳಗೇ ಒಂದು ಹೆಮ್ಮೆ.

ಹೂಬಳ್ಳಿ ಬಾಗಿಲಿನ ಮನೆಯಲ್ಲಿ ಒಬ್ಬಳು ಸೊಸೆ. ಅವಳ ಅತ್ತೆ ವರ್ಷಗಟ್ಟಲೆ ಬೆನ್ನು ಕೊಟ್ಟು ಕೊಟ್ಟು ಕುಡುಗೋಲಿನ ಹಾಗೆ ಬಾಗಿ ಮಂಚ ಹಿಡಿದಿದ್ದಳು. ಅಂಗಾತ ಮಲಗಿ ಎಷ್ಟು ಕಾಲವಾಗಿತ್ತೋ. ಸೊಸೆ ಅವಳ ಬೆನ್ನಿಗೆ ದಿನಾ ಹರಳೆಣ್ಣೆ ತಿಕ್ಕುತ್ತಿದ್ದಳು. ತಿಕ್ಕುವಾಗ ಅಂಗೈಗೆ ಹೂಬಳ್ಳಿ ತಗುಲುತ್ತಿತ್ತು. ಬಾಗಿಲಿನ ಕೆತ್ತನೆಯೆಲ್ಲ ಬೆನ್ನ ಮೇಲೆ ಒತ್ತಿ ನಿಂತಿತ್ತು. ಎಲೆಗೆ ಎಲೆ, ಮೊಗ್ಗಿಗೆ ಮೊಗ್ಗು.

ಸೊಸೆಯ ಬೆನ್ನ ಮೇಲೂ ಬಳ್ಳಿ ಅರ್ಧ ಹಬ್ಬಿತ್ತು.

ಆ ವರ್ಷ ತಪ್ಪಿನ ಹಬ್ಬಕ್ಕೆ ಅವಳ ಮಗಳ ಬೆನ್ನು ಮುಟ್ಟಿಸುವುದು ಎಂದು ಗೊತ್ತಾಯಿತು. ಹುಡುಗಿ ದೊಡ್ಡವಳಾದ ಮೇಲೆ ಬರುವ ಹಬ್ಬದಲ್ಲಿ ಅವಳ ಬೆನ್ನಿಗೆ ಎಣ್ಣೆ ಹಚ್ಚಿ, ಮೊದಲ ಸಲ ಬಾಗಿಲಿಗೆ ತಾಗಿಸುತ್ತಿದ್ದರು. ತಾಗಿಸಿದ ಮೇಲೆ ಬಾಗಿಲು ಆ ಬೆನ್ನನ್ನು ಗುರುತು ಹಿಡಿಯುತ್ತಿತ್ತು. ಇನ್ನು ಬಿಡುಗಡೆಯಿಲ್ಲ. ಹುಡುಗಿಯೋ, ನೆಟ್ಟಗೆ ನಿಂತರೆ ಬಾಳೆಗಿಡ. ನೆಲದ ಮೇಲೆ ಅಂಗಾತ ಬಿದ್ದುಕೊಂಡು ಮೋಡ ನೋಡುವುದು ಅವಳ ಚಾಳಿ.

ಹಬ್ಬದ ಹಿಂದಿನ ದಿನ ಎಣ್ಣೆ ತಿಕ್ಕುತ್ತಿದ್ದ ಸೊಸೆಯ ಕೈ ನಿಂತಿತು.

"ಯಾಕೆ ನಿಲ್ಲಿಸಿದೆ? ಎಣ್ಣೆ ಆಯ್ತಾ?" ಅಂದಳು ಅತ್ತೆ.

"ಈ ಬಳ್ಳಿ ಯಾರದ್ದು ಅತ್ತೆ?"

"ನನ್ನ ಬೆನ್ನ ಮೇಲಿದೆ, ನನ್ನದೇ."

"ಅಲ್ಲ, ನಿಜವಾಗಿ."

ಅತ್ತೆ ತಲೆ ಹೊರಳಿಸಿ ಸೊಸೆಯನ್ನು ನೋಡಿದಳು. "ಮದುವೆಯಾಗಿ ಬಂದಾಗ ನಾನೂ ಕೇಳಿದ್ದೆ. ನಮ್ಮತ್ತೆ, ಬಾಯಿ ಮುಚ್ಕೊಂಡು ಬೆನ್ನು ಕೊಡೇ ಅಂದ್ಳು. ನಿನಗೂ ಹಾಗೇ ಅನ್ನೋಣ ಅಂತಿದ್ದೆ. ಆದ್ರೆ ಮಲಗಿದ ಮೇಲೆ ಬೇರೆ ಕೆಲ್ಸ ಇಲ್ಲ ನೋಡು, ತಲೆ ಓಡುತ್ತೆ."

ಸೊಸೆ ಗಂಡನ ಹತ್ತಿರ ಹೋದಳು. "ಈ ಬಾಗಿಲು ಕೊಟ್ಟು ಬರೋಣ" ಅಂದಳು.

ಗಂಡ ಕೆಟ್ಟವನಲ್ಲ. ಹಬ್ಬಕ್ಕೆ ಬೆಲ್ಲ ಕುಟ್ಟುತ್ತಿದ್ದ. "ನಾನೇನು ಕದ್ದಿದ್ನಾ? ನಮ್ಮಪ್ಪ ಕದ್ದಿದ್ನಾ? ಅವನಪ್ಪನೂ ಕದ್ದಿರಲಿಲ್ಲ. ಯಾವ ಕಾಲದ್ದೋ ಏನೋ."

"ಕಿತ್ತವರು ಅವರು. ಅವರು ಒಂದು ಸಲ ಕಿತ್ತರು. ದಿನಾ ಸಂಜೆ ಒತ್ತಿ ಹಿಡ್ಕೊಳ್ತಿರೋರು ಯಾರು?"

"ನಿನ್ನ ಮಾತು ಕೇಳಿದ್ರೆ ನಾವೇ ದಿನಾ ಕದೀತೀವಿ ಅನ್ಬೇಕು!"

"ಹೌದು, ಹಾಗೇ ಅನ್ನಿಸ್ತಿದೆ ನನಗೆ. ಅದೂ ಬೆನ್ನಿನಿಂದ."

ಗಂಡ ಬೆಲ್ಲದ ಮೇಲೆ ಸಿಟ್ಟು ತೀರಿಸಿಕೊಂಡ. ಮಾತು ಊರ ಹಿರಿಯನ ಕಿವಿಗೆ ಬಿತ್ತು. ಅವನು ಬಂದು ಕಟ್ಟೆಯ ಮೇಲೆ ಕೂತ.

"ಏನಮ್ಮಾ, ತಪ್ಪಾಯ್ತು ಅಂತ ವರ್ಷಾವರ್ಷಾ ಹೇಳ್ತಿಲ್ವಾ ನಾವು?"

"ಯಾರಿಗೆ ಮಾವ?"

"ಬಾಗಿಲಿಗೆ."

"ಅದು ಏನಂತು?"

ಹಿರಿಯ ತಲೆ ಕೆರೆದುಕೊಂಡ. ಇಷ್ಟು ವರ್ಷದಲ್ಲಿ ಅವನಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಹೊಳೆಯದ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಎದ್ದು ನಿಂತ. "ನೋಡಮ್ಮಾ, ಬಾಗಿಲು ಮುಚ್ಚದ ಮನೆ ಮನೆಯಲ್ಲ. ಮನೆಯಿಲ್ಲದವರು ಊರಿನವರಲ್ಲ. ಬಾವಿ ಇಲ್ಲ, ಬೆಂಕಿ ಇಲ್ಲ, ನಾಳೆ ನಿನ್ನ ಮಗಳನ್ನ ಯಾರೂ ಕೇಳಿ ಬರೋದಿಲ್ಲ. ಯೋಚ್ನೆ ಮಾಡು."

ಸೊಸೆ ಯೋಚಿಸಿದಳು. ಒಂದು ಕೈಯಲ್ಲಿ ಊರು, ಇನ್ನೊಂದು ಕೈಯಲ್ಲಿ ಮಗಳ ಬೆನ್ನು.

ಹಬ್ಬದ ಬೆಳಿಗ್ಗೆ ಬಂತು. ಹೊಸ್ತಿಲು ತೊಳೆದಾಯಿತು, ಅರಿಸಿನ ಇಟ್ಟಾಯಿತು, ಹಾರ ಹಾಕಿಯಾಯಿತು. ಮಗಳನ್ನು ಎಣ್ಣೆ ಹಚ್ಚಿ ನಿಲ್ಲಿಸಿದರು. ತಪ್ಪು ಹಾಡುವವನು ಕಣ್ಣು ಮುಚ್ಚಿದ, ಕೈಮುಗಿದವರೂ ಮುಚ್ಚಿದರು. "ಹೊಳೆಯಾಚೆಯವರ ಬಾಗಿಲೇ..." ಎಂದು ರಾಗ ಎಳೆದ. ಆ ವರ್ಷ ಗಂಟಲು ಚೆನ್ನಾಗಿತ್ತು, ಉದ್ದಕ್ಕೆ ಎಳೆದ. ಮೂರನೆಯ ತಪ್ಪಾಯಿತಿಗೆ ಬಂದು ಕಣ್ಣು ಬಿಟ್ಟರೆ ಎದುರಿಗೆ ಬಾಗಿಲೇ ಇಲ್ಲ. ಚೌಕಟ್ಟಿನೊಳಗೆ ಮಂಚ, ಮಂಚದ ಮೇಲೆ ಅತ್ತೆ. ಅತ್ತೆ ಅವನನ್ನೇ ನೋಡುತ್ತಿದ್ದಳು.

"ನಿಲ್ಲಿಸ್ಬೇಡಪ್ಪಾ, ಹಾಡು" ಅಂದಳು. "ಚೆನ್ನಾಗಿತ್ತು."

ಸೊಸೆ ಬಾಗಿಲನ್ನು ಕೀಲಿನಿಂದ ಎತ್ತಿ ಬೆನ್ನ ಮೇಲೆ ಹಾಕಿಕೊಂಡು ಇಳಿಜಾರು ಹಿಡಿದಿದ್ದಳು. ಅವಳು ಹೊಳೆಯ ಕಡೆ ಹೆಜ್ಜೆ ಇಟ್ಟೊಡನೆ ಬಾಗಿಲು ಹೂವಿನಂತೆ ಹಗುರಾಯಿತು ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತದೆ. ಆಗಲಿಲ್ಲ. ಬಾಗಿಲು ಬಾಗಿಲಿನಷ್ಟೇ ಭಾರವಿತ್ತು. ಅವಳ ಕತ್ತು ಉಳುಕಿತು, ಕಾಲಿಗೆ ಮುಳ್ಳು ತಾಗಿತು. ಹಿಂದಿನಿಂದ ಮಗಳು ಓಡಿ ಬಂದಳು.

"ಅವ್ವಾ, ನಾನೂ ಹಿಡೀತೀನಿ."

"ಬೇಡ, ದೂರ ನಿಂತ್ಕೋ. ನಿನ್ನ ಬೆನ್ನಿಗೆ ಇದು ತಾಗಬಾರದು ಅಂತ ತಾನೇ ಇಷ್ಟೆಲ್ಲಾ."

"ಬೆನ್ನು ಯಾಕೆ? ಕೈ ಇಲ್ವಾ ನನಗೆ?"

ಹುಡುಗಿ ಎದುರು ಬದಿಗೆ ಬಂದು ಎರಡು ಕೈಯಲ್ಲಿ ಎತ್ತಿ ಹಿಡಿದಳು. ಆಮೇಲೆ ಸೊಸೆಗೂ ಅದು ತೋಚಿತು. ಬೆನ್ನಿನಿಂದ ಇಳಿಸಿ ಕೈಗೆ ತೆಗೆದುಕೊಂಡಳು. ಇಬ್ಬರೂ ಮುಖಕ್ಕೆ ಮುಖ ಕೊಟ್ಟುಕೊಂಡು ದಿಬ್ಬ ಇಳಿದರು. ಹೊಳೆಯಲ್ಲಿ ನೀರು ಸೊಂಟದವರೆಗಿತ್ತು. ಬಾಗಿಲು ತೇಲಿತು, ಇವರು ತಳ್ಳಿದರು.

ಆಚೆ ದಡದ ಊರಿನಲ್ಲಿ ಮನೆಗಳೆಲ್ಲ ಜೊಂಡಿನ ತಟ್ಟಿಯವು. ಯಾವ ಮನೆಗೂ ಬಾಗಿಲಿಲ್ಲ. ತಟ್ಟೋಣವೆಂದರೆ ಬಾಗಿಲೇ ಇಲ್ಲದ್ದರಿಂದ ಅಲ್ಲಿ ಹೊರಗೆ ನಿಂತು ಕೆಮ್ಮುವುದು ರೂಢಿ. ಕೆಮ್ಮಿದರೆ ಒಳಗಿನವರು ಬಾ ಅನ್ನಬೇಕು, ಇಲ್ಲವೇ ಆಮೇಲೆ ಬಾ ಅನ್ನಬೇಕು. ಬಾಗಿಲಿಲ್ಲದ ಆ ಹೊಸ್ತಿಲುಗಳ ಮುಂದೆ ಮಾತ್ರ ರಂಗೋಲಿ. ಒಂದು ಮನೆಯ ಮುಂದೆ ನವಿಲು. ಒಂದರ ಮುಂದೆ ಗಿಳಿ. ಒಂದರ ಮುಂದೆ ಈಜುವ ಮೀನು. ಕಳೆದುಹೋದ ಬಾಗಿಲನ್ನು ಅವರು ದಿನಾ ಬೆಳಿಗ್ಗೆ ನೆಲದ ಮೇಲೆ ಬರೆಯುತ್ತಿದ್ದರು. ದಿನಾ ಸಂಜೆಗೆ ಅದು ಕಾಲಡಿ ಅಳಿಸಿಹೋಗುತ್ತಿತ್ತು.

ಮಗಳೇ ಮೊದಲು ನೋಡಿದ್ದು. "ಅವ್ವಾ, ಅಜ್ಜಿಯ ಬೆನ್ನು!"

ಕೊನೆಯ ಮನೆಯ ಮುಂದೆ ಹೂಬಳ್ಳಿ. ಎಲೆಗೆ ಎಲೆ, ಮೊಗ್ಗಿಗೆ ಮೊಗ್ಗು. ಅದರ ಪಕ್ಕ ಒಬ್ಬ ಮುದುಕಿ ಕೂತು ಚಾಪೆ ನೇಯುತ್ತಿದ್ದಳು. ತಲೆ ಎತ್ತಲಿಲ್ಲ.

"ಏನದು?"

"ಬಾಗಿಲು" ಅಂದಳು ಸೊಸೆ.

"ಕಣ್ಣಿದೆ ನನಗೆ. ಯಾರದ್ದು?"

"ನಿಮ್ಮದು, ದೊಡ್ಡವ್ವಾ."

ಮುದುಕಿ ಈಗ ತಲೆ ಎತ್ತಿದಳು. ಎದ್ದು ಬಂದು ಬಾಗಿಲಿನ ಮೇಲೆ ಬೆರಳಾಡಿಸಿದಳು. ಬುಡದಿಂದ ಶುರು ಮಾಡಿ ತುದಿಯವರೆಗೆ ಹೋದಳು. ಅಳಲಿಲ್ಲ. "ನಮ್ಮಜ್ಜಿ ರಂಗೋಲಿ ಬರೆಯೋವಾಗ ಇಲ್ಲೊಂದು ಪುಟ್ಟ ಎಲೆ ಬಿಟ್ಟಿದ್ದಾಳೆ. ನಾನೂ ಹಂಗೇ ಕಲ್ತಿದ್ದೀನಿ" ಅಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಈಗ ಬಂದ್ರಾ? ದಾರಿ ತಪ್ಪಿತ್ತಾ?" ಅಂದಳು.

ಸೊಸೆಗೆ ಬರುವ ಮಾತೊಂದೇ ಬಂತು. ಕಣ್ಣು ಮುಚ್ಚಿ, ಕೈಮುಗಿದು, ರಾಗವಾಗಿ ಶುರು ಮಾಡಿದಳು. ನಮ್ಮ ಹಿರಿಯರು ನಿನ್ನ ಕಿತ್ತು ತಂದರು, ತಪ್ಪಾಯಿತು. ನಿನ್ನ ಮನೆಯವರು ನೀರು ದಾಟಿ ಹೋದರು, ತಪ್ಪಾಯಿತು.

ಮುದುಕಿ ಪೂರ್ತಿ ಕೇಳಿಸಿಕೊಂಡಳು. "ಪದ ಚೆನ್ನಾಗದೆ. ಇಷ್ಟು ದಿನ ಇದನ್ನ ಯಾರಿಗೆ ಹಾಡ್ತಿದ್ರಿ?"

"ಬಾಗಿಲಿಗೆ."

"ಯಾರಿಗೆ?"

"ಬಾಗಿಲಿಗೆ, ದೊಡ್ಡವ್ವಾ. ಹಾರ ಹಾಕಿ."

ಮುದುಕಿಗೆ ನಗು ಬಂತು. ನಕ್ಕು ನಕ್ಕು ಕೆಮ್ಮು ಹತ್ತಿತು. ಯಾರೋ ಹೊರಗೆ ನಿಂತು ಕೆಮ್ಮುತ್ತಿದ್ದಾರೆಂದು ಅಕ್ಕಪಕ್ಕದ ಮನೆಯವರೆಲ್ಲ "ಬಾ, ಬಾ" ಅನ್ನುತ್ತ ಹೊರಗೆ ಬಂದರು. ಬಂದವರು ಬಾಗಿಲು ನೋಡಿ ನಿಂತರು. ಅವರಲ್ಲಿ ಮುದುಕಿಯ ಮಗನೂ ಇದ್ದ. ಅವನು ನಗಲಿಲ್ಲ.

"ತಗೊಂಡು ಹೋಗಿ ಹೊಳೆಗೆ ಹಾಕಿ" ಅಂದ. "ಬಾಗಿಲಿಲ್ಲದೇ ನಾವು ಬದುಕಿದ್ದೀವಿ. ಈಗ ಕೊಟ್ಟುಬಿಟ್ರೆ ನಿಮಗೆ ಹಗುರ ಆಗ್ತದೆ, ಅಲ್ವಾ? ನಿಮ್ಮನ್ನ ಹಗುರ ಮಾಡೋದು ನಮ್ಮ ಕೆಲ್ಸ ಅಲ್ಲ."

ಅವನ ಮಾತಿನಲ್ಲಿ ಸೊಸೆಗೆ ತಪ್ಪು ಕಾಣಲಿಲ್ಲ.

ಮುದುಕಿ ಮಗನಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ನೀನೇನೋ ಬಾಗಿಲು ತಂದೆ. ಎಲ್ಲಿ ನಿಲ್ಲಿಸ್ಲಿ?" ಎಂದು ಸೊಸೆಯನ್ನೇ ಕೇಳಿದಳು. "ಇದು ಗೋಡೆಗೆ ಮಾಡಿದ ಬಾಗಿಲು. ನಮ್ಮದು ಜೊಂಡಿನ ತಟ್ಟಿ. ಒರಗಿಸಿದ್ರೆ ತಟ್ಟಿ ಸಮೇತ ಮೈಮೇಲೆ ಬೀಳ್ತದೆ."

"ಗೋಡೆ ಯಾಕೆ ಕಟ್ಟಿಲ್ಲ ನೀವು?" ಎಂದಳು ಮಗಳು.

"ಕಟ್ಟಿದ್ರೆ ಬಾಗಿಲು ಬೇಕು ಅನ್ಸ್ತದೆ ಮಗಾ. ಬಾಗಿಲು ಇಟ್ರೆ ಯಾರಾದ್ರೂ ಕಿತ್ಕೊಂಡು ಹೋಗೋಕೆ ಬರ್ತಾರೆ. ನಮ್ಮಜ್ಜಿ ಹಂಗಂತಿದ್ಳು." ಮುದುಕಿ ಮತ್ತೆ ಚಾಪೆಯ ಮುಂದೆ ಕೂತಳು. "ಈಗ ಬಾಗಿಲು ಬಂತು. ಗೋಡೆ ಕಟ್ಟಿಕೊಡು."

ಸೊಸೆ ಮಧ್ಯಾಹ್ನದೊಳಗೆ ಮನೆ ಸೇರುತ್ತೇನೆ ಅಂದುಕೊಂಡಿದ್ದಳು. "ನನಗೆ ಗೋಡೆ ಕಟ್ಟೋಕೆ ಬರೋದಿಲ್ಲ ದೊಡ್ಡವ್ವಾ."

"ನಮ್ಮೋರಿಗೂ ಬಾಗಿಲಿಲ್ಲದ ಮನೇಲಿ ಬದುಕೋಕೆ ಬರ್ತಿರ್ಲಿಲ್ಲ. ಕಲ್ತರು."

ಸೊಸೆ ಸೆರಗು ಸಿಕ್ಕಿಸಿದಳು. ತಾಯಿ ಮಗಳು ಮಣ್ಣು ಅಗೆದರು, ನೀರು ಹಾಕಿದರು, ತುಳಿದರು. ಮುದುಕಿ ಕೂತಲ್ಲಿಂದಲೇ ಬೈದಳು. ನೀರು ಜಾಸ್ತಿಯಾಯ್ತು, ಜೊಂಡು ಕತ್ತರಿಸಿ ಬೆರೆಸಬೇಕು, ಅದೇನು ಗೋಡೆಯೋ ಹಾವೋ. ಅವಳಿಗೂ ಗೋಡೆ ಕಟ್ಟಿ ಗೊತ್ತಿರಲಿಲ್ಲ, ಬೈಯುವುದಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಮೊದಲ ಗೋಡೆ ಮೊಳಕಾಲೆತ್ತರ ಬಂದು ಕೂತುಬಿಟ್ಟಿತು. ಮತ್ತೆ ತುಳಿದರು. ಮಧ್ಯೆ ಮುದುಕಿ ಗಂಜಿ ಕೊಟ್ಟಳು. ಸೊಸೆ ಬಟ್ಟಲು ಹಿಡಿದುಕೊಂಡು ಅವಳ ಮುಖ ನೋಡಿದಳು.

"ಏನು ನೋಡ್ತಿ?"

"ನಮ್ಮನ್ನ ಕ್ಷಮಿಸಿದ್ರಾ ಅಂತ."

"ಆ ಮಾತು ನನ್ನ ಬಾಯಿಂದ ಬರೋದಿಲ್ಲ ಕಣವ್ವಾ. ನಮ್ಮಜ್ಜಿ ಬಾಯಿಂದ ಬರಬೇಕಿತ್ತು, ಅವಳು ಹೋದ್ಳು. ನನ್ನ ಹತ್ರ ಗಂಜಿ ಅದೆ. ಕುಡೀರಿ."

ಇತ್ತ ದಿಬ್ಬದ ಮೇಲೆ ಊರು ಸೇರಿತು. ಬಾಗಿಲಿಲ್ಲದ ಚೌಕಟ್ಟಿನ ಮುಂದೆ ನಿಂತು ಹಿರಿಯ ಕಟ್ಟಳೆ ಹೇಳಿದ. ಮನೆಯಲ್ಲದ ಮನೆಯವರು ಊರು ಬಿಡಬೇಕು ಅಂದ.

"ಬಿಡ್ತೀನಪ್ಪಾ" ಅಂದಳು ಅತ್ತೆ ಒಳಗಿನಿಂದ. "ನನ್ನನ್ನ ಮಂಚ ಸಮೇತ ಹೊರಬೇಕು, ಎದ್ದು ಓಡಾಡೋಳಲ್ಲ ನಾನು. ಹೊರೋಕೆ ಬೆನ್ನು ಗಟ್ಟಿ ಇರೋರು ಬನ್ನಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರು ಅತ್ತೆಯನ್ನು ನೋಡಿದರು. ಇಷ್ಟು ವರ್ಷ ಬಾಗಿಲಿನ ಹಿಂದೆ ಇದ್ದವಳು ಮೊದಲ ಸಲ ಬೀದಿಗೆ ಕಾಣುವಂತೆ ಮಲಗಿದ್ದಳು. ಗಾಳಿ ಅವಳ ಕೂದಲು ಹಾರಿಸುತ್ತಿತ್ತು. ಬಾಗಿಲಿಲ್ಲದ್ದರಿಂದ ಒಳಗೆ ಬಂದದ್ದು ಅದೊಂದೇ, ಗಾಳಿ. ಮತ್ತೆ ಯಾರದ್ದೋ ಒಂದು ಮೇಕೆ. ಮೇಕೆ ಕೆಳಗೆ ಬಿದ್ದಿದ್ದ ಹಾರದ ಹೂವು ತಿಂದುಕೊಂಡು ಹೋಯಿತು.

ಸಂಜೆ ಹಿರಿಯ ತನ್ನ ಮನೆಗೆ ಹೋದ. ದೀಪ ಹಚ್ಚುವ ಹೊತ್ತಾಗಿತ್ತು. ಅವನ ಮನೆಯ ನವಿಲಿನ ಬಾಗಿಲು ಕಿರುಗುಡುತ್ತ ತೆರೆದುಕೊಳ್ಳತೊಡಗಿತು. ಅವನ ಸೊಸೆ ಅಲ್ಲೇ ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಏನಮ್ಮಾ, ಬೆನ್ನು?"

"ನೋಯ್ತಿದೆ ಮಾವ. ಇವತ್ತು ನೀವು ಕೊಡಿ."

ಬೀದಿಯ ಒಂದೊಂದು ಮನೆಯಿಂದಲೂ ಆ ಸಂಜೆ ಅದೇ ಮಾತು ಕೇಳಿಸಿತಂತೆ. ಮೊದಲೇ ಮಾತಾಡಿಕೊಂಡಿದ್ದರೋ ಇಲ್ಲವೋ, ದೊಡ್ಡಮ್ಮನಿಗೂ ಗೊತ್ತಿಲ್ಲ. ಬೆಳಿಗ್ಗೆ ಊರಿನ ಗಂಡಸರೆಲ್ಲ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು. ಹಿರಿಯ ಕಟ್ಟೆಗೆ ಬಂದವನು ಕೂರಲಾರದೆ ನಿಂತೇ ಇದ್ದ. ಊರು ಬಿಡುವ ಮಾತನ್ನು ಅವನು ಆಮೇಲೆ ಎತ್ತಲಿಲ್ಲ.

ಹೂಬಳ್ಳಿ ಮನೆಯ ಗಂಡ ಮಾತ್ರ ಸೊಂಟ ಹಿಡಿದುಕೊಂಡಿರಲಿಲ್ಲ. ಅವನೂ ಉಳಿದವರನ್ನು ನೋಡಿ ಖಾಲಿ ಚೌಕಟ್ಟಿಗೆ ಬೆನ್ನು ಕೊಡಲು ಹೋಗಿ, ಅಂಗಾತ ಬಿದ್ದು, ಬಿದ್ದಲ್ಲೇ ಸೊಗಸಾಗಿ ನಿದ್ದೆ ಮಾಡಿದ್ದ. ತಾಯಿ ಎಬ್ಬಿಸಿದಳು.

"ಹಿತ್ತಲ ಗೋಡೆಯ ಕಲ್ಲು ಕೀಳು. ಹೊಳೆಯಾಚೆ ತಗೊಂಡು ಹೋಗು."

"ಅವ್ವಾ, ನನಗೇನು ಗೋಡೆ ಕಟ್ಟೋಕೆ ಬರುತ್ತಾ?"

"ನಿನಗೂ ಬರಲ್ಲ, ಅವಳಿಗೂ ಬರಲ್ಲ. ಇಬ್ರೂ ಸೇರಿ ಬೇಗ ಕೆಡಿಸ್ತೀರಿ, ಬೇಗ ಕಲೀತೀರಿ. ಹೋಗು."

ಅವನು ಕಲ್ಲು ಹೊತ್ತುಕೊಂಡು ಹೊಳೆ ದಾಟಿದ. ಒಂದು ಸಲ ಹೋದ, ಮತ್ತೆ ಬಂದ, ಮತ್ತೆ ಹೋದ. ತಮ್ಮ ಹಿತ್ತಲ ಗೋಡೆ ತಗ್ಗಿದಷ್ಟೂ ಆಚೆಯ ಗೋಡೆ ಎದ್ದಿತು. ಹೊಳೆಗೆ ಹಾಕಿ ಅಂದಿದ್ದ ಮುದುಕಿಯ ಮಗ ದೂರ ನಿಂತು ದಿನಾ ನೋಡುತ್ತಿದ್ದ. ಒಂದು ದಿನ ತಡೆಯಲಾಗದೆ ಬಂದು, ಗಂಡನ ಕೈಯಿಂದ ಕಲ್ಲು ಕಸಿದುಕೊಂಡು, "ಅಯ್ಯೋ ಹಂಗಲ್ಲ ಮಾರಾಯಾ, ಚಪ್ಪಟೆ ಮೈ ಕೆಳಗೆ ಬರಬೇಕು" ಎಂದು ತಾನೇ ಕೂರಿಸಿದ. ಅವನು ಕ್ಷಮಿಸಿರಲಿಲ್ಲ. ಸೊಟ್ಟ ಗೋಡೆಯನ್ನು ನೋಡಲಾಗಲಿಲ್ಲ ಅವನಿಗೆ, ಅಷ್ಟೇ.

ಗೋಡೆ ನಿಂತಿತು. ಚೌಕಟ್ಟು ನಿಂತಿತು. ಬಾಗಿಲನ್ನು ಕೀಲಿಗೆ ಇಳಿಸಿದರು. ಅಷ್ಟರಲ್ಲಿ ಸಂಜೆಯಾಗಿತ್ತು. ಹೊಳೆಯಾಚೆಯ ಊರೆಲ್ಲ ಬಂದು ನೆರೆಯಿತು. ದೀಪ ಹಚ್ಚುವ ಹೊತ್ತಿಗೆ ಏನಾಗುತ್ತದೆಂದು ಸೊಸೆ ನೋಡುತ್ತ ನಿಂತಳು. ಅವಳಿಗೇ ತಿಳಿಯದಂತೆ ಅವಳ ಬೆನ್ನು ಬಾಗಿಲ ಕಡೆ ಒಂದು ಹೆಜ್ಜೆ ಸರಿದಿತ್ತು. ಮಗಳು ಅವಳ ಕೈ ಹಿಡಿದು ಎಳೆದು ನಿಲ್ಲಿಸಿದಳು.

ಮುದುಕಿ ಹೊಸ್ತಿಲು ದಾಟಿ ಒಳಗೆ ಹೋದಳು. ತಿರುಗಿ ಎಲ್ಲರನ್ನೂ ಒಮ್ಮೆ ನೋಡಿದಳು. ಸೊಸೆಯನ್ನೂ ನೋಡಿದಳು. ಆಮೇಲೆ ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡಳು.

ಚಿಲಕದ ಸದ್ದನ್ನು ಆ ದಡದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿದವರಿರಲಿಲ್ಲ. ಈಗ ಎಲ್ಲರೂ ಕೇಳಿದರು.

ಬಾಗಿಲು ತೆರೆಯಲಿಲ್ಲ. ಯಾರೂ ಬೆನ್ನು ಕೊಟ್ಟಿರಲಿಲ್ಲ. ಅದು ತಾನಾಗಿ ಮುಚ್ಚಿಕೊಂಡು ನಿಂತಿತ್ತು.

ಗಂಡ ಪಿಸುಗುಟ್ಟಿದ. "ಏನಿದು, ನಮ್ಮನ್ನ ಹೊರಗೇ ಬಿಟ್ಳಲ್ಲ! ಇಷ್ಟು ಕಲ್ಲು ಹೊತ್ತಿದ್ದಕ್ಕೆ ಒಳಗೆ ಬನ್ನಿ ಅನ್ನಬಾರದಾ?"

ಸೊಸೆಗೆ ಅಳುವೂ ಬಂತು, ನಗುವೂ ಬಂತು. "ಮುಚ್ಚಿಕೊಳ್ಳಲಿ ಅಂತ ತಾನೇ ತಂದದ್ದು" ಅಂದಳು. "ನಮ್ಮ ಮುಖದ ಮೇಲೆ ಮುಚ್ಚೋಕೆ ಆಗದಿದ್ರೆ ಅದು ಅವಳ ಬಾಗಿಲು ಹೇಗಾಗುತ್ತೆ?"

ಅವರು ಹೊಳೆಯ ಕಡೆ ನಡೆದರು. ಮಗಳು ಮುಂದೆ ಓಡಿ ಮರಳಿನ ಮೇಲೆ ಬಿದ್ದುಕೊಂಡಳು. ಅಂಗಾತ, ಕೈಕಾಲು ಚೆಲ್ಲಿ. ಎದ್ದಾಗ ಮರಳಿನಲ್ಲಿ ಅವಳ ಬೆನ್ನಿನ ಅಚ್ಚು ಉಳಿದಿತ್ತು. ಸೊಸೆ ಬಗ್ಗಿ ನೋಡಿದಳು. ನುಣ್ಣಗಿತ್ತು. ಒಂದು ಎಲೆಯೂ ಇರಲಿಲ್ಲ.

ಆಗ ಹಿಂದೆ ಚಿಲಕ ಸರಿದ ಸದ್ದು. ಬಾಗಿಲು ತೆರೆದಿತ್ತು, ಆದರೆ ಈ ಸಲ ತಾನಾಗಿ ಅಲ್ಲ, ಒಂದು ಕೈ ಅದನ್ನು ತೆರೆದಿತ್ತು. ಮುದುಕಿ ಹೊಸ್ತಿಲ ಮೇಲೆ ನಿಂತು ಕೂಗುತ್ತಿದ್ದಳು.

"ಏ ಕಲ್ಲಿನೋನೇ! ನಾಳೆ ಬೇಗ ಬಾ. ಪಕ್ಕದ ಮನೆಯೋರು ನವಿಲಿನ ಬಾಗಿಲು ಎಲ್ಲಿದೆ ಅಂತ ಕೇಳ್ತಾವ್ರೆ."

ನಾನು ದೊಡ್ಡಮ್ಮನನ್ನು ಕೇಳಿದೆ, ನವಿಲು ಬಂತಾ, ಗಿಳಿ ಬಂತಾ, ಮೀನು ಬಂತಾ? ದಿಬ್ಬದವರೆಲ್ಲ ಕೊಟ್ಟರಾ? "ಕೆಲವರು ಕೊಟ್ರು" ಅಂದಳು. "ಕೆಲವರು ಒಳ್ಳೇ ದಿನ ನೋಡ್ತಿದ್ದಾರೆ. ಕೆಲವರು ಇನ್ನೂ ಒತ್ತಿ ಹಿಡ್ಕೊಂಡು, ನಮ್ಮದೇನು ತಪ್ಪು ಅಂತ ಕೇಳ್ತಿದ್ದಾರೆ. ಹಿಡ್ಕೊಂಡಿರೋರಿಗೆ ಕೈ ಬಿಡುವಿಲ್ಲ, ಕಿವಿ ಬಿಡುವಿದೆ. ಅದಕ್ಕೇ ಕಥೆ ಹೇಳಬೇಕು."

ಹೇಳುವುದಕ್ಕೆ ಅವಳ ಷರತ್ತು ಎರಡು. ಸೊಸೆಯನ್ನು ದೇವರು ಮಾಡಬಾರದು, ಅವಳಿಗೂ ಮಧ್ಯಾಹ್ನದೊಳಗೆ ಮನೆ ಸೇರುವ ಆಸೆಯಿತ್ತು. ಮತ್ತೆ, ಗೋಡೆಯ ಭಾಗವನ್ನು ಬೇಸರವೆಂದು ಬಿಡಬಾರದು. ನಾನು ಎರಡನ್ನೂ ನಡೆಸಿದ್ದೇನೆ. ಈಗ ನಿಮ್ಮ ಸರದಿ. ಇದನ್ನು ಇನ್ನೊಬ್ಬರಿಗೆ ಹೇಳಿ. ಎಲ್ಲಿಯ ಊರು ಅಂತ ಅವರು ಕೇಳಿದರೆ ಅವಸರ ಪಟ್ಟು ಉತ್ತರ ಕೊಡಬೇಡಿ. ಅವರೇ ತಮ್ಮ ಮನೆಯೊಳಗೆ ಒಮ್ಮೆ ಕಣ್ಣಾಡಿಸುವವರೆಗೆ ಕಾಯಿರಿ.